ಫೋನಿನ ಬೆದರಿಕೆಗೆ ಹೆದರಬೇಡಿ

ಗಂಡಸಿಯ ತಾಯಂದಿರೇ, ಅಕ್ಕ ತಂಗಿಯರೇ,

"ನಿಮ್ಮ ಸಾಲ ಬಾಕಿ ಇದೆ. ಈಗಲೇ ಕಟ್ಟಿ. ಇಲ್ಲಾಂದ್ರೆ ಪೊಲೀಸರು ಬರ್ತಾರೆ." ಹೀಗೆ ಯಾರಾದರೂ ಫೋನ್ ಮಾಡಿದರೆ ಎದೆ ಝಲ್ ಅನ್ನುತ್ತೆ, ಅಲ್ವಾ? ಹೆದರಬೇಡಿ. ಸಾಲ ಬಾಕಿ ಇದ್ದ ಮಾತ್ರಕ್ಕೆ ಪೊಲೀಸರು ಹಿಡಿಯುವುದಿಲ್ಲ.

"ಯಾವ ಸಾಲ? ಯಾವ ಬ್ಯಾಂಕು? ಕಾಗದ ಕಳಿಸಿ" ಎಂದು ಕೇಳಿ. ಫೋನ್ ಇಡಿ. ನಿಮ್ಮ ಸಾಲದ ಪುಸ್ತಕ ತೆಗೆದು ನೋಡಿ. ಈಗ ನಿಮಗೇ ಓದೋಕೆ ಬರುತ್ತೆ! ಅನುಮಾನ ಬಂದರೆ ಬ್ಯಾಂಕಿಗೇ ಹೋಗಿ ವಿಚಾರಿಸಿ. ಫೋನಿಗೆ ಬಂದ ಓಟಿಪಿ ನಂಬರನ್ನು ಯಾರಿಗೂ ಹೇಳಬೇಡಿ.

ಮೈಕ್ರೋ ಫೈನಾನ್ಸ್‌ನವರು ಬೆದರಿಸಿ ವಸೂಲು ಮಾಡಬಾರದು. 2025ರಲ್ಲಿ ಕರ್ನಾಟಕದಲ್ಲಿ ಇದಕ್ಕೆ ಕಾನೂನು ಬಂತು. ತಪ್ಪು ಮಾಡಿದವರಿಗೆ 10 ವರ್ಷದವರೆಗೆ ಜೈಲು. ಕಾಟ ಕೊಟ್ಟರೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. ಮೋಸದಿಂದ ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ನಿಜವಾದ ಸಾಲ ತೀರಿಸೋಣ, ರಸೀದಿ ಪಡೆಯೋಣ. ಸುಳ್ಳು ಸಾಲಕ್ಕೆ ಒಂದು ಪೈಸೆಯನ್ನೂ ಕೊಡದಿರೋಣ.