ವಿಂಗಡಣೆಗೆ ಸಿಗದ ಪಿಯಾನೊ

(ಸಂಗೀತಾಸಕ್ತರ ಕೂಟವೊಂದರಲ್ಲಿ ಮಾಡಿದ ಭಾಷಣದ ಪಾಠ)



ತಲೆಗೂದಲೊಳಗೆ ಪೆನ್ಸಿಲ್ ಸಿಕ್ಕಿಸುವುದು. ಅದು ಜಾರಿ ಬಿದ್ದರೆ ಒಂದು ಜನಾಂಗ, ಅಲ್ಲೇ ನಿಂತರೆ ಇನ್ನೊಂದು. ದಕ್ಷಿಣ ಆಫ್ರಿಕದಲ್ಲಿ 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಬಂದ ಮೇಲೆ ಮನುಷ್ಯರನ್ನು ಹೀಗೂ ವಿಂಗಡಿಸಿದ್ದುಂಟು. ಅಲ್ಲಿ 'ಕಲರ್ಡ್', ಅಂದರೆ ಮಿಶ್ರ ಮೂಲದವರು ಎಂಬ ಪಟ್ಟಿಗೆ ಸೇರಿದವರಲ್ಲಿ ಒಬ್ಬರು ಜಾಜ್ ಪಿಯಾನೊ ವಾದಕ ಅಬ್ದುಲ್ಲಾ ಇಬ್ರಾಹಿಂ.

ಅವರು 1934ರಲ್ಲಿ ಕೇಪ್‌ಟೌನ್‌ನಲ್ಲಿ ಹುಟ್ಟಿದಾಗ ಇಟ್ಟ ಹೆಸರು ಅಡಾಲ್ಫ್ ಯೊಹಾನೆಸ್ ಬ್ರಾಂಡ್. ಕೇಪ್‌ಟೌನ್ ಬಂದರು ಊರು. ಡಚ್ಚರು ಬಂಗಾಳ, ಮಲಬಾರ್, ಇಂಡೊನೇಷ್ಯಾ, ಮಡಗಾಸ್ಕರ್‌ಗಳಿಂದ ಗುಲಾಮರನ್ನು ತಂದಿಳಿಸಿದ ನೆಲ. ಚರ್ಚಿನ ಹಾಡು, ಮಲಯ್ ಮೂಲದವರ ಹಾಡು, ಆಫ್ರಿಕದ ಲಯ, ಅಮೆರಿಕದ ಜಾಜ್ ಎಲ್ಲವೂ ಅಲ್ಲಿ ಬೆರೆತಿದ್ದವು. ಹುಡುಗ ಏಳರ ವಯಸ್ಸಿಗೇ ಪಿಯಾನೊ ಕಲಿಯತೊಡಗಿದ. ಮುಂದೆ 'ಡಾಲರ್ ಬ್ರಾಂಡ್' ಎಂದು ಹೆಸರಾದ.

1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಕಲಾವಿದರಿಗೆ ಉಸಿರು ಕಟ್ಟಿತು. 1962ರಲ್ಲಿ ಬ್ರಾಂಡ್ ಯುರೋಪಿಗೆ ಹೊರಟರು. ಮರುವರ್ಷ ಜೂರಿಕ್‌ನಲ್ಲಿ, ಮುಂದೆ ಅವರ ಪತ್ನಿಯಾದ ಗಾಯಕಿ ಸತೀಮಾ ಬೀ ಬೆಂಜಮಿನ್, ಡ್ಯೂಕ್ ಎಲಿಂಗ್ಟನ್ ಅವರನ್ನು ಒತ್ತಾಯ ಮಾಡಿ ಕರೆತಂದು ಬ್ರಾಂಡ್ ವಾದನ ಕೇಳಿಸಿದರು. ಎಲಿಂಗ್ಟನ್ ಪ್ಯಾರಿಸ್‌ನಲ್ಲಿ ಧ್ವನಿಮುದ್ರಣವನ್ನೇ ಮಾಡಿಸಿದರು. 1968ರಲ್ಲಿ ಬ್ರಾಂಡ್ ಇಸ್ಲಾಂ ಸ್ವೀಕರಿಸಿ ಅಬ್ದುಲ್ಲಾ ಇಬ್ರಾಹಿಂ ಆದರು.

ಅತ್ತ ಕೇಪ್‌ಟೌನ್‌ನ 'ಡಿಸ್ಟ್ರಿಕ್ಟ್ ಸಿಕ್ಸ್' ಬಡಾವಣೆಯನ್ನು 1966ರಲ್ಲಿ ಬಿಳಿಯರಿಗೆ ಮೀಸಲೆಂದು ಸಾರಿ, 60 ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಲಾಯಿತು. ಅವರಲ್ಲಿ ಹಲವರನ್ನು ಹಾಕಿದ ಬಯಲ ವಸತಿಗಳಲ್ಲಿ ಒಂದು ಮ್ಯಾನನ್‌ಬರ್ಗ್. 1974ರಲ್ಲಿ ಊರಿಗೆ ಬಂದಿದ್ದ ಇಬ್ರಾಹಿಂ, ಸುತ್ತಿಗೆಗಳಿಗೆ ಮೊಳೆ ಚುಚ್ಚಿದ್ದ ಪಿಯಾನೊ ಮೇಲೆ ಅದೇ ಹೆಸರಿನ ಕೃತಿ ನುಡಿಸಿದರು. ಹದಿಮೂರು ನಿಮಿಷ ಮೀರಿದ ಆ ವಾದನದಲ್ಲಿ ಬೇಸಿಲ್ ಕುಟ್ಸಿಯಾ ಅವರ ಸ್ಯಾಕ್ಸೊಫೋನ್ ಜೊತೆಗಿತ್ತು. ಹೋರಾಟದ ಘೋಷಣೆ ಒಂದೂ ಇಲ್ಲ. ಆದರೂ ಹೆಸರು ಕೇಳಿದರೆ ಸಾಕು, ಜನರಿಗೆ ಅರ್ಥವಾಗುತ್ತಿತ್ತು. ಎಂಬತ್ತರ ದಶಕದ ಪ್ರತಿಭಟನಾ ಸಭೆಗಳಲ್ಲಿ ಅದು ನಾಡಗೀತೆಯಂತೆಯೇ ಮೊಳಗಿತು.

1976ರ ಸೊವೆಟೊ ದಂಗೆಯ ನಂತರ ಅವರು ಮತ್ತೆ ದೇಶ ಬಿಟ್ಟರು, ಮರಳಿದ್ದು 1990ರಲ್ಲಿ. 1994ರಲ್ಲಿ ನೆಲ್ಸನ್ ಮಂಡೇಲಾ ಅಧಿಕಾರ ಸ್ವೀಕರಿಸಿದಾಗ ಅವರ ಪಿಯಾನೊ ನುಡಿಯಿತು.

ಬೆರಕೆಯೆಂದು ಸರ್ಕಾರ ಕೀಳಾಗಿ ಕಂಡದ್ದನ್ನೇ ಇಬ್ರಾಹಿಂ ಬಂಡವಾಳ ಮಾಡಿಕೊಂಡರು. ಅವರ ಸಂಗೀತದಲ್ಲಿ ಇದು ಚರ್ಚಿನದು, ಇದು ಮಲಯರದು, ಇದು ಅಮೆರಿಕದ್ದು ಎಂದು ಬೇರ್ಪಡಿಸಲು ಹೊರಟರೆ ಸಂಗೀತವೇ ಉಳಿಯುವುದಿಲ್ಲ. ಜಾತಿ, ಕುಲಗಳ ಪಟ್ಟಿಯನ್ನು ಚೆನ್ನಾಗಿ ಬಲ್ಲ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.