ಟರ್ಕಿ ಕೋಳಿಯ ತಲೆಯ ಬಣ್ಣ



ಸತ್ತ ಪ್ರಾಣಿಯ ತೊಗಲನ್ನು ಹದಮಾಡಿ, ಒಳಗೆ ತುಂಬಿ, ಜೀವವಿದ್ದಂತೆ ನಿಲ್ಲಿಸುವ ಕಸುಬೊಂದುಂಟು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು ಇದರಲ್ಲಿ ಸುಮಾರು ನೂರು ವರ್ಷ ಹೆಸರು ಪಡೆದಿದ್ದು, 1999ರಲ್ಲಿ ಕಾರ್ಖಾನೆಯನ್ನು ಮುಚ್ಚಿದರು. ಅವರ ಕೈಯಿಂದ ಹೊರಟವುಗಳಲ್ಲಿ ಹುಲಿ ಚಿರತೆಗಳೇ ಹೆಚ್ಚು. ಹುಲಿಯ ಬಣ್ಣವಿರುವುದು ರೋಮದಲ್ಲಿ, ನವಿಲಿನದು ಗರಿಯಲ್ಲಿ. ಪ್ರಾಣ ಹೋದರೂ ಅವು ಬಹುಕಾಲ ಉಳಿಯುತ್ತವೆ. ಗರಿಯಿಲ್ಲದ ಬರಿಯ ಚರ್ಮದ ಬಣ್ಣವಾದರೋ ಹಾಗಲ್ಲ. ಅದು ಪ್ರಾಣದೊಡನೆಯೇ ಹೊರಡುತ್ತದೆ. ಈ ಮಾತನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ಕಿಬ್ಬನಹಳ್ಳಿಯ ಒಂದು ಟರ್ಕಿ ಕೋಳಿಯಿಂದ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಗೆ ದಾರಿಗಳು ಒಡೆಯುವ ಆ ಊರಿನ ಸುತ್ತ ತೆಂಗಿನ ತೋಟಗಳಿವೆ. ಅಂತಹ ತೋಟವೊಂದರಲ್ಲಿ ನಮಗೆ ಪರಿಚಿತರಾದ ವೃದ್ಧೆಯೊಬ್ಬರು ಟರ್ಕಿ ಹುಂಜವೊಂದನ್ನು ಸಾಕಿದ್ದರು. ಅದು ಸತ್ತಾಗ ಕಾಲೇಜಿನ ಸಂಗ್ರಹಕ್ಕಾಗಿ ಬೇಡಿದೆವು. ಕಾಡುಹಕ್ಕಿಗಳನ್ನು ಕೊಂದು ತುಂಬಿಡುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಅಡ್ಡಿಯಾಗಿದೆ, ಅದೂ ಸರಿಯೇ. ಆದುದರಿಂದ ಸಾಕಿದ ಹಕ್ಕಿ ದೊರೆತದ್ದು ನಮಗೆ ಭಾಗ್ಯವೆಂದು ತೋರಿತು. “ಕೊಂಡುಹೋಗಿ ಮೇಷ್ಟ್ರೇ, ಅವನ ಮುಖ ಮಾತ್ರ ಕೆಡಿಸಬೇಡಿ” ಎಂದು ಅಜ್ಜಿ ಒಪ್ಪಿದರು.

ತುಂಬುವ ಕಸುಬುದಾರನು ತಲೆಗೆ ಯಾವ ಬಣ್ಣವೆಂದು ಕಾಗದ ಬರೆದು ಕೇಳಿದನು. ನಾವು ‘ಕೆಂಪು’ ಎಂದು ಒಂದೇ ಮಾತಿನಲ್ಲಿ ಉತ್ತರವಿತ್ತೆವು. ಹಕ್ಕಿ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿಕೊಂಡು ಬಂದಿತು. ನೆತ್ತಿಯಿಂದ ಕತ್ತಿನವರೆಗೆ ಬಾಗಿಲಿಗೆ ಬಳಿದಂತಹ ಕೆಂಪು! ಅಜ್ಜಿ ನೋಡಿ, “ಇವನು ನಮ್ಮವನಲ್ಲ” ಎಂದುಬಿಟ್ಟರು.

“ಹಾಗಾದರೆ ಯಾವ ಬಣ್ಣವಿತ್ತಮ್ಮ?” ಎಂದು ಕೇಳಿದೆವು.

“ಯಾವ ಹೊತ್ತಿನದು ಕೇಳ್ತೀರಿ? ಸುಮ್ಮನೆ ಮೇಯೋವಾಗ ಒಂದು, ನಾಯಿ ಕಂಡ್ರೆ ಒಂದು. ಗರಿ ಬಿಚ್ಚಿ ಕುಣಿಯೋವಾಗ ನೆತ್ತಿ ಮೊಸರಿನ ಹಾಗೆ, ಮುಖ ನೀಲಿ, ಕತ್ತಿನ ಬುಡ ಮಾತ್ರ ಕೆಂಪು.”

ಅಜ್ಜಿ ಕಂಡದ್ದನ್ನೇ ಜಹಾಂಗೀರ್ ಬಾದಷಹನೂ ಕಂಡಿದ್ದನು. 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ತಂದ ಟರ್ಕಿ ಕೋಳಿಯನ್ನು ನೋಡಿ, ಅದರ ತಲೆ ಕತ್ತುಗಳು ಊಸರವಳ್ಳಿಯಂತೆ ಬಣ್ಣ ಬದಲಾಯಿಸುವುದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟನು. ಆಸ್ಥಾನದ ಚಿತ್ರಕಾರ ಮನ್ಸೂರನು ಬರೆದ ಆ ಹಕ್ಕಿಯ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಇದಕ್ಕೆ ಕಾರಣವೇನು? ಈ ಚರ್ಮದೊಳಗೆ ಕೊಲಾಜನ್ ಎಂಬ ನಾರುಗಳ ಕಟ್ಟುಗಳಿವೆ. ಅವುಗಳ ನಡುವೆ ರಕ್ತನಾಳಗಳು ದಟ್ಟವಾಗಿ ಹಬ್ಬಿವೆ. ಹಕ್ಕಿ ಕೆರಳಿದಾಗಲೂ ತಣಿದಾಗಲೂ ನಾಳಗಳು ಉಬ್ಬಿ ಕುಗ್ಗಿ, ನಾರುಗಳ ನಡುವಣ ಅಂತರ ಬದಲಾಗುತ್ತದೆ. ಬೆಳಕು ಚದರುವ ರೀತಿಯೂ ಬದಲಾಗುತ್ತದೆ. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2014ರಲ್ಲಿ ಇದೇ ತತ್ತ್ವವನ್ನನುಸರಿಸಿ, ಸೋಂಕಿದ ಆವಿಗೆ ತಕ್ಕಂತೆ ಬಣ್ಣ ಬದಲಾಯಿಸುವ ಸಾಧನವೊಂದನ್ನು ರಚಿಸಿದರು. ರಕ್ತದ ಓಟ ನಿಂತ ಮೇಲೆ ಈ ಆಟವೂ ನಿಲ್ಲುವುದು. ಒಣಗಿದ ಚರ್ಮ ಕಪ್ಪಿಟ್ಟು ಸುಕ್ಕಾಗುವುದು. ಬಣ್ಣವನ್ನು ಮನುಷ್ಯನೇ ಹಚ್ಚಬೇಕು.

ಹಚ್ಚುವವನು ಮೊದಲು ಹಕ್ಕಿಯ ಬಾಳಿನ ಒಂದು ಗಳಿಗೆಯನ್ನು ಆರಿಸಿಕೊಳ್ಳತಕ್ಕದ್ದು. ಬಾಲ ಬಿಚ್ಚಿ ನಿಂತಿದ್ದರೆ ನೆತ್ತಿ ಬಿಳಿದು, ಮುಖ ನೀಲಿ, ಕತ್ತಿನ ಬುಡದ ಗಂಟುಗಳು ಕೆಂಪು. ಕೊಕ್ಕಿನ ಮೇಲಣ ಮಾಂಸದ ಜೋಲು ಉದ್ದವಾಗಿ ಇಳಿಬಿದ್ದಿರಬೇಕು. ಮೇಯುತ್ತಿರುವಂತೆ ನಿಲ್ಲಿಸಿದ್ದರೆ ಜೋಲು ಗಿಡ್ಡ, ಬಣ್ಣಗಳೆಲ್ಲ ಮಂಕು. ನಿಲುವು ಒಂದು, ಮುಖ ಇನ್ನೊಂದು ಆದರೆ ಹಕ್ಕಿ ಸುಳ್ಳಾಗುತ್ತದೆ. ಮೊದಲು ಬಿಳಿಯ ಪದರ. ಅದರ ಮೇಲೆ ನೀಲಿಯನ್ನು ನೀರಿನಂತೆ ತೆಳುವಾಗಿ ಹಲವು ಸಲ. ಅದು ಒಣಗಿದ ಮೇಲೆಯೇ ಕೆಂಪು. ಆತುರಪಟ್ಟರೆ ಎರಡೂ ಬೆರೆತು ನೇರಳೆಯಾಗುವುದು. ಅಂಚುಗಳು ಗೆರೆ ಎಳೆದಂತೆ ಕಾಣಬಾರದು. ಎಲ್ಲಕ್ಕಿಂತ ಮುಂಚೆ, ಹಕ್ಕಿ ಬದುಕಿರುವಾಗಲೇ ಹಗಲು ಬೆಳಕಿನಲ್ಲಿ ಬಣ್ಣವನ್ನು ಗುರುತುಹಾಕಿಕೊಳ್ಳಬೇಕು. ಅಮೆರಿಕದ ಪಕ್ಷಿಶಾಸ್ತ್ರಜ್ಞ ರಿಜ್‌ವೇ 1912ರಲ್ಲಿ ಪ್ರಕಟಿಸಿದ ವರ್ಣಪುಸ್ತಕದಲ್ಲಿ 1,115 ಬಣ್ಣಗಳಿಗೆ ಹೆಸರಿಟ್ಟು ಮಾದರಿಗಳನ್ನು ಕೊಟ್ಟಿದ್ದಾನೆ. ನಮ್ಮ ಕಾಗದದಲ್ಲಿದ್ದದ್ದು ಒಂದೇ ಹೆಸರು!

ತಪ್ಪು ಕಸುಬುದಾರನದಲ್ಲ, ನಮ್ಮದು. ನಮ್ಮಲ್ಲಿ ಭಾವಚಿತ್ರವಿರಲಿಲ್ಲ, ಉಳಿದಿದ್ದುದು ಅಜ್ಜಿಯ ನೆನಪೊಂದೇ. ಹಕ್ಕಿಯನ್ನು ಅವರ ಜಗಲಿಗೆ ಒಯ್ದು, ಕೆಂಪನ್ನು ಒರೆಸಿ, ಬಣ್ಣಗಳನ್ನು ತೆಂಗಿನ ಕರಟಗಳಲ್ಲಿ ಕಲಸಿಕೊಂಡು ಕುಳಿತೆವು. “ಇನ್ನೂ ತಿಳಿ ಮಾಡಿ”, “ಕಣ್ಣ ಹತ್ತಿರ ಸಾಲದು” ಎಂದು ಅವರು ಹೇಳುತ್ತ ಬಂದರು. ಎರಡು ದಿನದ ಮೇಲೆ, ಸಂಜೆ, ಅಜ್ಜಿ ಎದ್ದು ಹಕ್ಕಿಯ ಸುತ್ತ ಒಮ್ಮೆ ಬಂದರು. “ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಹೀಗೇ ನಿಲ್ಲೋನು” ಎಂದರು.

ವಿದ್ಯಾರ್ಥಿಗಳು ಇಂದು ಕಾಲೇಜಿನಲ್ಲಿ ನೋಡುತ್ತಿರುವುದು ಆ ಬೆಳಗಿನ ಹಕ್ಕಿಯನ್ನು. ಮನೆಯಲ್ಲಿ ಹಕ್ಕಿ ಸಾಕಿರುವವರು ಅದು ಬದುಕಿರುವಾಗಲೇ ಒಮ್ಮೆ ಕಣ್ತುಂಬ ನೋಡಿಟ್ಟುಕೊಳ್ಳಲೆಂದು ಕೋರಿ, ನಮ್ಮ ಮಾತನ್ನು ಮುಗಿಸುತ್ತೇವೆ.