ಸಿಸ್ಟರ್ ಹೇಳಿದ ಮೇಲೆ



2006ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಹೆರಿಗೆಗಳ ಬಗ್ಗೆ ಒಂದು ಸಂಶೋಧನಾ ವರದಿ ಪ್ರಕಟವಾಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಅಮೆರಿಕದ ಸಂಸ್ಥೆಗಳ ಸಂಶೋಧಕರು ಅದರ ಲೇಖಕರು. ಹೆರಿಗೆ ಮಾಡಿಸಿದವರು, ಮಾತ್ರೆ ನುಂಗಿಸಿದವರು, ಹರಿದ ರಕ್ತವನ್ನು ಅಳೆದವರು ಮಾತ್ರ ಬೇರೆ: 25 ಮಂದಿ ಎ.ಎನ್.ಎಂ.ಗಳು, ಅಂದರೆ ಸಹಾಯಕ ನರ್ಸ್-ಸೂಲಗಿತ್ತಿಯರು. ವರದಿಯ ಸಾರಾಂಶದಲ್ಲಿ ಅವರು ಒಂದು ಅಂಕಿಯಾಗಿ ಮಾತ್ರ ಇದ್ದಾರೆ. ಘಟಿಕೋತ್ಸವದ ಭಾಷಣಕ್ಕೆ ರಕ್ತದ ಲೆಕ್ಕ ಒಗ್ಗದು ಎನ್ನುವವರಿರಬಹುದು. ನರ್ಸಿಂಗ್ ಕಾಲೇಜಿನ ಘಟಿಕೋತ್ಸವಕ್ಕೆ ಧಾರಾಳವಾಗಿ ಒಗ್ಗುತ್ತದೆ.

ಆ ಕಾಲದ ಪರಿಸ್ಥಿತಿ ಹೀಗಿತ್ತು. 2001-03ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. ಈ ಸಾವುಗಳ ದೊಡ್ಡ ಕಾರಣಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವವೂ ಒಂದು. ಆಸ್ಪತ್ರೆಯಲ್ಲಾದರೆ ಆಕ್ಸಿಟೋಸಿನ್ ಇಂಜೆಕ್ಷನ್ ಇತ್ತು. ಅದಕ್ಕೆ ತಂಪು ಪೆಟ್ಟಿಗೆ ಬೇಕು, ಸೂಜಿ ಬೇಕು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರುವ ಹೆಂಗಸಿಗೆ ಏನೂ ಇರಲಿಲ್ಲ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಡ್ಜೂ ಬೇಡ, ಸೂಜಿಯೂ ಬೇಡ. 600 ಮೈಕ್ರೋಗ್ರಾಂ ನುಂಗಿಸಿದರೆ ರಕ್ತಸ್ರಾವ ತಡೆಯಬಹುದೇ ಎಂಬುದು ಪ್ರಶ್ನೆ. 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ 1620 ಹೆಂಗಸರು ಈ ಅಧ್ಯಯನಕ್ಕೆ ಸೇರಿದರು. 812 ಮಂದಿಗೆ ನಿಜವಾದ ಮಾತ್ರೆ, 808 ಮಂದಿಗೆ ಔಷಧವಿಲ್ಲದ ಹುಸಿಮಾತ್ರೆ. ಯಾರ ಕೈಯಲ್ಲಿ ಯಾವುದಿದೆ ಎಂಬುದು ನುಂಗಿದವಳಿಗೂ ಗೊತ್ತಿಲ್ಲ, ಕೊಟ್ಟವಳಿಗೂ ಗೊತ್ತಿಲ್ಲ.

ಫಲಿತಾಂಶ ಅನುಮಾನಕ್ಕೆ ಎಡೆಯಿಲ್ಲದಂತೆ ಬಂತು. ಹುಸಿಮಾತ್ರೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋಗಿತ್ತು. ನಿಜವಾದ ಮಾತ್ರೆ ಪಡೆದವರಲ್ಲಿ ನೂರಕ್ಕೆ 6.4. ಹದಿನೆಂಟು ಬಾಣಂತಿಯರಿಗೆ ಮಾತ್ರೆ ಕೊಟ್ಟರೆ ಒಬ್ಬಳ ಅತಿ ರಕ್ತಸ್ರಾವ ತಪ್ಪುತ್ತಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದಾಗ ಬೆಳಗಾವಿಯ ಹಳ್ಳಿಗಳ ಲೆಕ್ಕವೂ ಮೇಜಿನ ಮೇಲಿತ್ತು.

ಲೆಕ್ಕ ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಬಾಣಂತಿಯ ಕೆಳಗೆ ಹಾಸಿದ ಬಟ್ಟೆ ನೋಡಿ "ಇಷ್ಟು ಹೋಗಿರಬಹುದು" ಎಂದು ಅಂದಾಜು ಮಾಡುವುದು ಎಲ್ಲ ಕಡೆಯ ರೂಢಿ. ಬೆಳಗಾವಿಯ ತಂಡ ಅದನ್ನು ನಂಬಲಿಲ್ಲ. ಸೊಂಟಕ್ಕೆ ಕಟ್ಟುವ, ಕೆಳತುದಿಯಲ್ಲಿ ಗೆರೆ ಗುರುತಿನ ಚೀಲವಿರುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಳಸಿತು. ಕಣ್ಣಂದಾಜನ್ನೂ ಹಾಳೆಯ ಅಳತೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕಣ್ಣು ಮೂರನೇ ಒಂದು ಪಾಲಿನಷ್ಟು ರಕ್ತವನ್ನು ಕಾಣದೆ ಬಿಟ್ಟಿತ್ತು. ಇಂಥ ಗೆರೆಗುರುತಿನ ಹಾಳೆಯನ್ನೇ ಮುಂದಿಟ್ಟುಕೊಂಡು ಆಫ್ರಿಕಾದ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದ 'ಇ-ಮೋಟಿವ್' ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ರಕ್ತಸ್ರಾವವನ್ನು ಬೇಗ ಗುರುತಿಸಿ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟಾಗ ತೀವ್ರ ರಕ್ತಸ್ರಾವ, ಅದಕ್ಕಾಗಿ ಮಾಡಬೇಕಾದ ಶಸ್ತ್ರಕ್ರಿಯೆ, ಸಾವು, ಈ ಮೂರೂ ಸೇರಿದ ಲೆಕ್ಕ ನೂರಕ್ಕೆ 60ರಷ್ಟು ಇಳಿಯಿತು. ನರ್ಸಿಂಗ್ ಸಂಶೋಧನೆಗೆ ಕೋಟಿ ರೂಪಾಯಿಯ ಯಂತ್ರವೇ ಬೇಕೆಂದೇನಿಲ್ಲ. ತಾನು ದಿನಾ ನೋಡುವುದನ್ನು ಅಳೆಯಬೇಕು ಎಂಬ ಹಟ ಬೇಕು.

ಇನ್ನು ಕಷ್ಟದ ಭಾಗ. ಆ 808 ಹೆಂಗಸರ ವಿಷಯ.

ಕೆಲಸ ಮಾಡಬಲ್ಲ ಔಷಧವನ್ನು ಪರೀಕ್ಷಿಸಲು ಒಂದು ಗುಂಪಿಗೆ ಹುಸಿಮಾತ್ರೆ ಕೊಡುವುದು ನ್ಯಾಯವೇ? ಪರವಾಗಿರುವವರು ಹೇಳುವ ಮಾತು: ಆ ಹೆಂಗಸರಿಗೆ ಹೇಗೂ ಯಾವ ಔಷಧವೂ ಸಿಗುತ್ತಿರಲಿಲ್ಲ, ಅಧ್ಯಯನದಿಂದ ಅವರು ಕಳೆದುಕೊಂಡದ್ದೇನೂ ಇಲ್ಲ, ಹುಸಿಮಾತ್ರೆಯಿಲ್ಲದೆ ಹೋಲಿಕೆಯೇ ಸಾಧ್ಯವಿಲ್ಲ. ಎದುರಿನವರು ಕೇಳುವುದು: ಅವರಿಗೆ ಏನೂ ಸಿಗುತ್ತಿರಲಿಲ್ಲ ಎಂಬುದು ಪ್ರಕೃತಿನಿಯಮವೇ, ಇಲ್ಲ ಸರಕಾರ ಒದಗಿಸದೆ ಬಿಟ್ಟದ್ದೇ? ಬಡತನವನ್ನೇ ಅಳತೆಗೋಲು ಮಾಡಿಕೊಂಡರೆ ಬಡವರ ಮೇಲೆ ಯಾವ ಪರೀಕ್ಷೆಯನ್ನಾದರೂ ಮಾಡಬಹುದಲ್ಲ? ಈ ಜಗಳ ಬೆಳಗಾವಿಯದಷ್ಟೇ ಆಗಿರಲಿಲ್ಲ. ವೈದ್ಯಕೀಯ ಸಂಶೋಧನೆಯ ನೀತಿಗೆ ಆಧಾರವಾದ ಹೆಲ್ಸಿಂಕಿ ಘೋಷಣೆಯನ್ನು 2000ದಲ್ಲಿ ಪರಿಷ್ಕರಿಸಿದಾಗ ಹುಸಿಮಾತ್ರೆಯ ಬಳಕೆಗೆ ಬಿಗಿ ಹಾಕಲಾಯಿತು. 2002ರಲ್ಲಿ ವಿವರಣೆಯ ಟಿಪ್ಪಣಿಯೊಂದನ್ನು ಸೇರಿಸಿ ಅದನ್ನು ತುಸು ಸಡಿಲಿಸಲಾಯಿತು. ಬೆಳಗಾವಿಯ ಅಧ್ಯಯನ ಉತ್ತರ ಕೊಟ್ಟಿತು, ಆ ಉತ್ತರ ತಾಯಂದಿರಿಗೆ ಉಪಯೋಗಕ್ಕೂ ಬಂತು. ಈ ಕಾರಣಕ್ಕೆ ಅದನ್ನು ಒಪ್ಪಬಹುದು. ಆದರೆ ಒಪ್ಪುವವರೂ ಪ್ರಶ್ನೆಯನ್ನು ಮುಚ್ಚಿಹಾಕಬಾರದು. ಮನೆಯೊಳಗೆ ನಿಂತು ಮಾತ್ರೆ ಕೊಟ್ಟವರು ನೀತಿಸಮಿತಿಯ ಸದಸ್ಯರಲ್ಲ, ಎ.ಎನ್.ಎಂ.ಗಳು. ಆ ಪ್ರಶ್ನೆ ಅವರ ಕೈಯ ಮೂಲಕವೇ ಹಾದುಹೋಯಿತು.

ಹಳ್ಳಿಯಲ್ಲಿ ಒಪ್ಪಿಗೆ ಹೇಗೆ ಸಿಗುತ್ತದೆ ಎಂಬುದು ಇಲ್ಲಿ ಕೂತವರಿಗೆಲ್ಲ ಗೊತ್ತು. ನಾಲ್ಕು ಪುಟದ ಮಾಹಿತಿ ಪತ್ರ ಓದಿ ಯಾರೂ ಸಹಿ ಹಾಕುವುದಿಲ್ಲ. "ಸಿಸ್ಟರ್ ಹೇಳ್ಯಾರಲ್ಲ, ಆಗ್ಲಿ ಬಿಡ್ರಿ" ಎನ್ನುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ. ಅವರು ಒಪ್ಪುವುದು ಸಂಶೋಧನೆಗಲ್ಲ, ಸಿಸ್ಟರಿಗೆ. ಹೋದ ವರ್ಷ ಮಗುವಿಗೆ ಲಸಿಕೆ ಹಾಕಿದವಳು, ಅತ್ತೆಯ ಸಕ್ಕರೆ ಕಾಯಿಲೆ ಕಂಡುಹಿಡಿದವಳು, ಬೈದು ಆಸ್ಪತ್ರೆಗೆ ಕರೆದೊಯ್ದವಳು. ಅವಳ ಮಾತು ತೆಗೆದುಹಾಕುವುದು ಹೇಗೆ? ಈ ನಂಬಿಕೆ ಹಳ್ಳಿಯ ಆರೋಗ್ಯ ವ್ಯವಸ್ಥೆಯ ಅತಿ ದೊಡ್ಡ ಬಂಡವಾಳ. ಸಂಶೋಧಕರಿಗೂ ಇದು ಚೆನ್ನಾಗಿ ಗೊತ್ತು.

ಈ ನಂಬಿಕೆಯನ್ನು ಸಂಶೋಧನೆ ಹೇಗೆ ಬಳಸಿಕೊಳ್ಳಬಲ್ಲದು ಎಂಬುದಕ್ಕೆ ಒಂದು ಉದಾಹರಣೆ: ಅಮೆರಿಕದ ಅಲಬಾಮಾ ರಾಜ್ಯದ ಮೇಕನ್ ಕೌಂಟಿಯಲ್ಲಿ ಯೂನಿಸ್ ರಿವರ್ಸ್ ಎಂಬ ಕರಿಯ ನರ್ಸ್ ಇದ್ದರು. ಹತ್ತಿ ಬೆಳೆಯುವ ಬಡ ಕರಿಯರ ಸೀಮೆ, ವೈದ್ಯರು ವಿರಳ. 1932ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಅಲ್ಲಿ ಸಿಫಿಲಿಸ್ ರೋಗದ ಅಧ್ಯಯನ ಆರಂಭಿಸಿತು. ರೋಗವಿದ್ದ 399 ಗಂಡಸರು, ಇಲ್ಲದ 201 ಮಂದಿ. ಚಿಕಿತ್ಸೆ ಕೊಡದೆ ಬಿಟ್ಟರೆ ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುವುದೇ ಗುರಿ. ಅವರಿಗೆ ರೋಗದ ಹೆಸರು ಹೇಳಲಿಲ್ಲ, "ಕೆಟ್ಟ ರಕ್ತ" ಎಂದರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದು ಸಿಫಿಲಿಸ್ ವಾಸಿಯಾಗುವ ರೋಗವಾದ ಮೇಲೂ ಕೊಡಲಿಲ್ಲ. ವೈದ್ಯರು ಬಂದರು, ಬದಲಾದರು, ಹೋದರು. ದಶಕಗಳ ಕಾಲ ಆ ಗಂಡಸರ ಜೊತೆ ಉಳಿದವರು ರಿವರ್ಸ್. ತಮ್ಮ ಕಾರಿನಲ್ಲಿ ಅವರನ್ನು ತಪಾಸಣೆಗೆ ಕರೆತರುತ್ತಿದ್ದರು, ಕಷ್ಟ ಸುಖ ಕೇಳುತ್ತಿದ್ದರು, ಸತ್ತಾಗ ಶವಪರೀಕ್ಷೆಗೆ ಮನೆಯವರನ್ನು ಒಪ್ಪಿಸುತ್ತಿದ್ದರು. ಅಂತ್ಯಕ್ರಿಯೆಯ ಖರ್ಚು ಅಧ್ಯಯನದ್ದು. 1953ರಲ್ಲಿ ಇಪ್ಪತ್ತು ವರ್ಷಗಳ ಅನುಭವದ ಬಗ್ಗೆ ಪ್ರಕಟವಾದ ಲೇಖನಕ್ಕೆ ಅವರೂ ಲೇಖಕಿ. ಅಂದರೆ ನರ್ಸಿಗೆ ಸಂಶೋಧಕಿ ಎಂಬ ಗೌರವ ಸಿಕ್ಕಿತು, ಎಂಥ ಕೆಲಸಕ್ಕೆ! ಪೀಟರ್ ಬಕ್ಸ್‌ಟನ್ ಎಂಬ ನೌಕರ ಒಳಗಿನ ವಿಷಯವನ್ನು ಹೊರಗೆ ಹೇಳಿ, 1972ರ ಜುಲೈಯಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲಷ್ಟೇ ಆ ಅಧ್ಯಯನ ನಿಂತಿತು. ರಿವರ್ಸ್ ಕೆಟ್ಟವರೆಂದು ಹೇಳಿಬಿಟ್ಟರೆ ಕೆಲಸ ಸುಲಭ. ಆ ಗಂಡಸರ ಮೇಲೆ ಅವರಿಗಿದ್ದ ಅಕ್ಕರೆ ಸುಳ್ಳಾಗಿರಲಿಲ್ಲ ಎಂಬುದೇ ಈ ಕತೆಯ ಭಯಂಕರ ಭಾಗ.

ಅಮೆರಿಕದ ಹಳೆಯ ಕತೆ ಎಂದು ಪಕ್ಕಕ್ಕಿಡುವಂತಿಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆಯ ಪ್ರಾತ್ಯಕ್ಷಿಕೆ ಯೋಜನೆ ಶುರುವಾಯಿತು. ಲಸಿಕೆ ಪಡೆದವರು ಸುಮಾರು 24 ಸಾವಿರ ಹುಡುಗಿಯರು. ಖಮ್ಮಂನಲ್ಲಿ ಹಲವರು ಹಾಸ್ಟೆಲಿನ ಬುಡಕಟ್ಟು ಮಕ್ಕಳು. 2010ರ ಏಪ್ರಿಲಿನಲ್ಲಿ ಯೋಜನೆಯನ್ನು ತಡೆಹಿಡಿಯಲಾಯಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾದ ವರದಿ ಕೊಟ್ಟಿತು. ಆಂಧ್ರದಲ್ಲಿ ಪರಿಶೀಲಿಸಿದ ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್ನರು. ಯೋಜನೆಯ ಅವಧಿಯಲ್ಲಿ ಏಳು ಹುಡುಗಿಯರು ಸತ್ತಿದ್ದರು. ತನಿಖೆಯಲ್ಲಿ ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಂಡುಬರಲಿಲ್ಲ. ಲಸಿಕೆ ಒಳ್ಳೆಯದೇ. ಆದರೆ ಲಸಿಕೆ ಒಳ್ಳೆಯದಾಗಿದ್ದರಿಂದ ವಾರ್ಡನ್ನನ ಸಹಿ ತಾಯಿಯ ಸಹಿಯಾಗುವುದಿಲ್ಲ. ಆ ಅವಸರದಿಂದ ಹುಟ್ಟಿದ ಅನುಮಾನ ಮುಂದೆ ಲಸಿಕೆಯ ಹೆಸರಿಗೇ ಅಂಟಿಕೊಂಡಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಇರಬೇಕು, ಮಾಹಿತಿ ಅವರ ಭಾಷೆಯಲ್ಲಿರಬೇಕು, ಬೇಡವೆಂದರೆ ಮಾಮೂಲಿ ಚಿಕಿತ್ಸೆಗೆ ತೊಂದರೆಯಾಗಬಾರದು. ಕೊನೆಯದೇ ಕಠಿಣ. ಐದು ಸಾವಿರ ಜನಕ್ಕೆ ಒಂದೇ ಉಪಕೇಂದ್ರ ಇರುವ ಕಡೆ, ಸಿಸ್ಟರಿಗೆ 'ಇಲ್ಲ' ಎಂದವಳು ನಾಳೆ ಮಗುವಿನ ಜ್ವರಕ್ಕೆ ಅವಳ ಹತ್ತಿರವೇ ಬರಬೇಕು. ಹಾಗಾಗಿ 'ಇಲ್ಲ' ಎನ್ನಲು ದಾರಿ ಮಾಡಿಕೊಡುವ ಹೊಣೆ ಸಿಸ್ಟರದ್ದೇ. "ಯೋಚಿಸಿ, ಮನೆಯವರನ್ನು ಕೇಳಿ, ನಾಳೆ ಹೇಳಿ, ಬೇಡ ಅಂದರೂ ನನಗೆ ಬೇಸರವಿಲ್ಲ" ಎಂದು ಹೇಳಿ ಒಂದು ರಾತ್ರಿ ಬಿಟ್ಟರೆ ಸಾಕು, ಅರ್ಧ ನೀತಿ ಅಲ್ಲಿಗೆ ಮುಗಿಯಿತು.

ನಮ್ಮ ಕಾಲೇಜುಗಳ ಮನೆಯ ಮಾತೂ ಒಂದಿಷ್ಟು ಆಗಲಿ. ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಗಳ ಕಪಾಟು ತೆಗೆದರೆ ಶೀರ್ಷಿಕೆಗಳು ಅಕ್ಕತಂಗಿಯರಂತಿರುತ್ತವೆ: ಆಯ್ದ ಗ್ರಾಮಗಳ ತಾಯಂದಿರಲ್ಲಿ ಇಂಥ ವಿಷಯದ ಜ್ಞಾನ, ಯೋಜಿತ ಬೋಧನೆಗೆ ಮೊದಲು ಮತ್ತು ನಂತರ. ನಲವತ್ತು ಪ್ರಶ್ನೆ, ಒಂದು ಚಾರ್ಟು, ಒಂದು ವಾರ ಬಿಟ್ಟು ಅದೇ ನಲವತ್ತು ಪ್ರಶ್ನೆ. ಜ್ಞಾನ ಹೆಚ್ಚುತ್ತದೆ, ಯಾವಾಗಲೂ ಹೆಚ್ಚುತ್ತದೆ! ರಕ್ತಹೀನತೆಯ ಬಗ್ಗೆ ಇಷ್ಟು ಬಾರಿ ಪಾಠ ಕೇಳಿದ ಹೆಂಗಸಿಗೆ ಕಬ್ಬಿಣದ ಮಾತ್ರೆ ತಿಂಗಳಾದರೂ ಬರದಿದ್ದುದು ಯಾಕೆ ಎಂದು ಕೇಳಿದ ಪ್ರಬಂಧಗಳು ಕಡಿಮೆ. ಹಳ್ಳಿಯವರ ಅಜ್ಞಾನವನ್ನು ಅಳೆಯುವುದು ಸುಲಭ, ವ್ಯವಸ್ಥೆಯ ಕೊರತೆಯನ್ನು ಅಳೆಯಲು ಧೈರ್ಯ ಬೇಕು. ಅಧ್ಯಾಪಕರು ಈ ಮಾತಿಗೆ ಸಿಟ್ಟಾಗಬಾರದು. ವಿದ್ಯಾರ್ಥಿಗಳ ವಿಷಯಕ್ಕೆ ಸಹಿ ಹಾಕುವವರು ಅವರೇ.

ನರ್ಸುಗಳನ್ನೇ ಅಳೆದ ಸಂಶೋಧನೆಗಳಿಗೂ ಇದೇ ಎಚ್ಚರ ಬೇಕು. 2010ರಲ್ಲಿ ಕರ್ನಾಟಕದ ತಾಲ್ಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪರಿಶೀಲನಾ ಪಟ್ಟಿಯ ಪ್ರಯೋಗ ನಡೆಯಿತು. ಮಾಡಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ಆಗುತ್ತಿದ್ದುದು 25ಕ್ಕೆ ಏರಿತು. ಎಲ್ಲರಿಗೂ ಹುಮ್ಮಸ್ಸು. ಮುಂದೆ ಉತ್ತರ ಪ್ರದೇಶದ 24 ಜಿಲ್ಲೆಗಳ 120 ಕೇಂದ್ರಗಳಲ್ಲಿ ದೊಡ್ಡ ಅಧ್ಯಯನವಾಯಿತು. 2017ರ ಫಲಿತಾಂಶ: ಸಿಬ್ಬಂದಿ ಹೇಳಿಕೊಟ್ಟದ್ದನ್ನು ಹೆಚ್ಚು ಮಾಡಿದರು, ಆದರೆ ತಾಯಿ ಮಗುವಿನ ಸಾವು ಮತ್ತು ಗಂಭೀರ ತೊಂದರೆಗಳ ಪ್ರಮಾಣ ಪಟ್ಟಿ ಬಳಸಿದ ಕಡೆ ನೂರಕ್ಕೆ 15.1, ಬಳಸದ ಕಡೆ 15.3. ವ್ಯತ್ಯಾಸವೇ ಇಲ್ಲ. ಇದನ್ನು ಸೋಲೆಂದು ಬಚ್ಚಿಡದೆ ಪ್ರಕಟಿಸಿದ್ದು ದೊಡ್ಡ ಉಪಕಾರ. ನರ್ಸಿನ ನಡವಳಿಕೆ ತಿದ್ದಿದರೆ ಸಾಕು ಎಂಬ ಮೇಲಿನವರ ಅನುಕೂಲದ ನಂಬಿಕೆಗೆ ಅದು ಪೆಟ್ಟು ಕೊಟ್ಟಿತು. ರಕ್ತ, ಔಷಧ, ನುರಿತ ಕೈ, ಸಮಯಕ್ಕೆ ಸಿಗುವ ದೊಡ್ಡಾಸ್ಪತ್ರೆ ಇಲ್ಲದ ಕಡೆ ಪಟ್ಟಿಯೊಂದು ಎಷ್ಟು ಜೀವ ಉಳಿಸೀತು?

ಒಳ್ಳೆಯ ಉದ್ದೇಶ ಕೈಕೊಡುವುದೂ ಉಂಟು. ಅವಧಿಗೆ ಮೊದಲು ಹುಟ್ಟುವ ಶಿಶುವಿನ ಶ್ವಾಸಕೋಶಕ್ಕಾಗಿ ಗರ್ಭಿಣಿಗೆ ಸ್ಟೀರಾಯ್ಡ್ ಕೊಡುವುದು ದೊಡ್ಡ ಆಸ್ಪತ್ರೆಗಳಲ್ಲಿ ಸಾಬೀತಾದ ಚಿಕಿತ್ಸೆ. ಅದನ್ನು ಹಳ್ಳಿಗಳಿಗೆ ಒಯ್ದರೆ ಹೇಗೆ ಎಂದು ಬೆಳಗಾವಿ, ನಾಗಪುರವೂ ಸೇರಿ ಆರು ದೇಶಗಳಲ್ಲಿ ಪರೀಕ್ಷಿಸಿದರು. 2015ರಲ್ಲಿ ಬಂದ ಉತ್ತರ ಯಾರೂ ನಿರೀಕ್ಷಿಸದ್ದು: ತೀರಾ ಚಿಕ್ಕ ಶಿಶುಗಳಿಗೆ ಲಾಭವಾಗಲಿಲ್ಲ, ಒಟ್ಟಾರೆ ನವಜಾತ ಶಿಶುಗಳ ಸಾವು ಸ್ವಲ್ಪ ಹೆಚ್ಚಿತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು. ಗರ್ಭದ ವಾರಗಳನ್ನು ಸರಿಯಾಗಿ ಎಣಿಸುವ, ಹುಟ್ಟಿದ ಶಿಶುವನ್ನು ನೋಡಿಕೊಳ್ಳುವ ವ್ಯವಸ್ಥೆಯಿದ್ದ ಆಸ್ಪತ್ರೆಗಳಲ್ಲಿ ಮತ್ತೆ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದಾಗ ಅದೇ ಔಷಧ ಜೀವ ಉಳಿಸಿತ್ತು. ಮೊದಲ ಪರೀಕ್ಷೆ ಮಾಡದೆ ಹಳ್ಳಿಹಳ್ಳಿಗೂ ಹಂಚಿದ್ದರೆ ಆ ಸಾವುಗಳನ್ನು ಎಣಿಸುವವರೂ ಇರುತ್ತಿರಲಿಲ್ಲ.

ಎಣಿಕೆ ಎಲ್ಲಿಂದ ಬರುತ್ತದೆ? ರಿಜಿಸ್ಟರಿನಿಂದ, ತಾಯಿ ಕಾರ್ಡಿನಿಂದ. ಬಿ.ಪಿ. ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ 120/80 ಎಂದೇ ಬರೆದ ಪುಟಗಳನ್ನು ಕಾಣದ ಮೇಲ್ವಿಚಾರಕರಿಲ್ಲ. ಯಂತ್ರ ಕೆಟ್ಟಿರುತ್ತದೆ, ಗುರಿ ತಲೆ ಮೇಲಿರುತ್ತದೆ, ಸಂಜೆಯೊಳಗೆ ಪೋರ್ಟಲ್ಲಿಗೆ ಏರಿಸಬೇಕು. ಕಾರಣಗಳು ನಿಜ. ಆದರೆ ಬಿ.ಪಿ. ಏರುತ್ತಿರುವ ಒಬ್ಬ ಬಸುರಿ ಆ ಪುಟದಲ್ಲಿ ಎಲ್ಲೋ ಇದ್ದಾಳೆ. "ಯಂತ್ರ ಕೆಟ್ಟಿದೆ, ನೋಡಿಲ್ಲ" ಎಂದು ಬರೆದ ಖಾಲಿ ಚೌಕ ಪ್ರಾಮಾಣಿಕ ದತ್ತಾಂಶ. ಹೊಸ ಯಂತ್ರ ಕೇಳಲು ಅದೇ ದಾಖಲೆ.

2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಕ್ಷೇಮ ಕೇಂದ್ರಗಳಾಗಿ ಮಾರ್ಪಡಿಸಲಾಯಿತು, ನರ್ಸಿಂಗ್ ಪದವೀಧರರು ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಹೋಗುತ್ತಿದ್ದಾರೆ. ನಿಮ್ಮಲ್ಲಿ ಹಲವರು ಹೋಗುತ್ತೀರಿ. ನಿಮ್ಮ ಹೆಸರನ್ನು ಒಂದು ಅಂಕಿಯಾಗಿ ಬರೆಯಲು ಯಾವುದಾದರೂ ತಂಡ ಬಂದಾಗ ಮೂರು ವಿಷಯ ಕೇಳಿ: ಪ್ರಶ್ನೆ ಯಾರದು, ಬೇಡವೆಂದವರಿಗೆ ಏನಾಗುತ್ತದೆ, ಫಲಿತಾಂಶ ಹಳ್ಳಿಗೆ ವಾಪಸು ಬರುತ್ತದೆಯೇ. ನಿಮ್ಮದೇ ಅಧ್ಯಯನವಾದರೂ ಇವನ್ನೇ ಕೇಳಿಕೊಳ್ಳಿ. ಪ್ರಬಂಧ ಬೈಂಡಿಂಗಿಗೆ ಹೋಗುವ ಮೊದಲು ಒಂದು ಮಧ್ಯಾಹ್ನ ಆ ಊರಿನ ಅಂಗನವಾಡಿಗೆ ಹೋಗಿ, ಉತ್ತರ ಕೊಟ್ಟ ಹೆಂಗಸರನ್ನು ಕೂರಿಸಿಕೊಂಡು, ಏನು ತಿಳಿಯಿತೆಂದು ಕನ್ನಡದಲ್ಲಿ ಹೇಳಿ ಬನ್ನಿ.